ಪದ್ಯದಲ್ಲಿ ಮೊಸಳೆ ಇರಲಿಲ್ಲ

ಈ ವರ್ಷ ಹೊಸದಾಗಿ ಕನ್ನಡ ಶಿಕ್ಷಕಿಯರಾಗಿ ಸೇರಿದ ಇಬ್ಬರು ಹುಡುಗಿಯರು ಹಳಿಯಾಳದ ನಮ್ಮ ಮನೆಗೆ ಬಂದಿದ್ದರು. "ಮಕ್ಕಳ ಕಡೆಯಿಂದ ಪದ್ಯದ ವಿಮರ್ಶೆ ಬರೆಸೋದು ಹೆಂಗ್ರಿ ಅಕ್ಕೋರ?" ಎಂದು ಕೇಳಿದರು. ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅವತ್ತು ಏನೋ ಒಂದಿಷ್ಟು ಹೇಳಿ ಕಳಿಸಿದೆ. ಅವರು ಹೋದ ಮೇಲೆ, ಹೇಳಬೇಕಾದದ್ದನ್ನೇ ಹೇಳಲಿಲ್ಲ ಅನಿಸಿತು. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಹೇಳದೇ ಉಳಿದದ್ದು ಹೆದರಿಕೆಯ ವಿಷಯ. ತರಬೇತಿಯಲ್ಲಿ ಛಂದಸ್ಸು, ಅಲಂಕಾರ, ಪಾಠಯೋಜನೆ ಎಲ್ಲ ಕಲಿಸುತ್ತಾರೆ. ಪದ್ಯದ ಮುಂದೆ ಕೂತ ಮಗು ಎಷ್ಟು ಹೆದರಿರುತ್ತದೆ, ಅದರ ಮುಂದೆ ನಿಂತ ಶಿಕ್ಷಕಿ ಎಷ್ಟು ಹೆದರಿರುತ್ತಾಳೆ ಅನ್ನುವುದನ್ನು ಯಾರೂ ಕಲಿಸುವುದಿಲ್ಲ.

ನನ್ನ ಮೊದಲ ಶಾಲೆ ಮುಂಡಗೋಡ ತಾಲೂಕಿನ ಅತ್ತಿವೇರಿ ಕಡೆಯ ಒಂದು ಹಳ್ಳಿಯಲ್ಲಿತ್ತು. ಹೊಲಮನೆ ಕೆಲಸದವರ ಮಕ್ಕಳು. ಮೊದಲ ದಿನ ಪದ್ಯವನ್ನು ಎರಡು ಸಲ ಓದಿ, "ಹೆಂಗ ಅನಿಸ್ತು?" ಎಂದು ಕೇಳಿದೆ. ಕಡೆಗೆ ಮುಂದಿನ ಸಾಲಿನ ಹುಡುಗಿಯೊಬ್ಬಳು "ಛಲೋ ಐತ್ರಿ" ಎಂದಳು. ಇಡೀ ತರಗತಿ "ಛಲೋ ಐತ್ರಿ" ಎಂದಿತು. "ಏನು ಛಲೋ ಐತಿ?" ಎಂದು ಕೇಳಿದೆ. ಕಿಟಕಿಯ ಪಕ್ಕದಲ್ಲಿ ಕೂತಿದ್ದ ಹುಡುಗನೊಬ್ಬ ಎದ್ದು ನಿಂತ. ಉತ್ತರ ಹೇಳುತ್ತಾನೆ ಅಂದುಕೊಂಡೆ. ಅವನು ಕಣ್ಣು ಮುಚ್ಚಿ ಬಲಗೈ ಮುಂದೆ ಚಾಚಿದ. ಗೊತ್ತಿಲ್ಲ ಅಂದರೆ ಏಟು ಬೀಳುತ್ತದೆ, ಕಾಯುವುದಕ್ಕಿಂತ ತಿಂದು ಮುಗಿಸುವುದು ಮೇಲು ಎಂದು ಅವನು ತೀರ್ಮಾನ ಮಾಡಿಕೊಂಡಿದ್ದ. ನನ್ನ ಕೈಯಲ್ಲಿ ಕೋಲೇ ಇರಲಿಲ್ಲ.

ಅಲ್ಲಿಂದ ಹಳಿಯಾಳಕ್ಕೆ ವರ್ಗವಾಯಿತು. ಅಲ್ಲಿಯ ಮುಖ್ಯಾಧ್ಯಾಪಕರಿಗೆ ಫಲಿತಾಂಶ ಒಂದೇ ಮುಖ್ಯ. ಪ್ರತಿ ಪದ್ಯಕ್ಕೂ ಉತ್ತರ ಬರೆಸಿ, ಬಾಯಿಪಾಠ ಮಾಡಿಸಿ, ಒಪ್ಪಿಸಿಕೊಳ್ಳಬೇಕು. ಅವರು ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವರ ಚಪ್ಪಲಿ ಸಪ್ಪಳ ನಿಂತರೆ ನನ್ನ ಸೊಲ್ಲು ತಂತಾನೇ ಬದಲಾಗುತ್ತಿತ್ತು. ಒಮ್ಮೆ ಉತ್ತರಪತ್ರಿಕೆ ತಿದ್ದುತ್ತಿರುವಾಗ ಒಬ್ಬ ಹುಡುಗ ಪದ್ಯದ ಸ್ವಾರಸ್ಯವನ್ನು ಬಹಳ ಚೆನ್ನಾಗಿ ವಿವರಿಸಿ, ಕೊನೆಗೆ "ಹೆಚ್ಚಿನ ವಿವರಕ್ಕೆ ಮುಂದಿನ ಪುಟ ನೋಡಿರಿ" ಎಂದು ಬರೆದಿದ್ದ. ಗೈಡಿನಲ್ಲಿ ಇದ್ದದ್ದನ್ನು ಒಂದಕ್ಷರ ಬಿಡದೆ ಇಳಿಸಿದ್ದ. ಸಿಬ್ಬಂದಿ ಕೋಣೆಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಒಂದು ಮಾತು ಬಿಟ್ಟರೂ ಏನಾದೀತೋ ಎಂಬ ಭಯದಲ್ಲಿ ಆ ಮಗು ಬರೆದಿದೆ ಎಂದು ಆಮೇಲೆ ಹೊಳೆಯಿತು.

ಜೋಯಿಡಾದಲ್ಲಿ, ಉಳವಿಗೆ ಹೋಗುವ ದಾರಿಯ ಶಾಲೆಯಲ್ಲಿ, ಮಕ್ಕಳಿಗೆ ಕನ್ನಡವೇ ಅರ್ಧ ಭಯ. ಮನೆಯಲ್ಲಿ ಕೊಂಕಣಿ. ಅವರನ್ನು ನಾನು ಎಂದಿನಂತೆ "ಇಲ್ಲಿ ಕವಿ ಏನು ಹೇಳ್ತಾರ?" ಎಂದು ಕೇಳುತ್ತಿದ್ದೆ. ಒಂದು ದಿನ ಒಬ್ಬಳು ಬಹಳ ಯೋಚನೆ ಮಾಡಿ, "ಟೀಚರ್, ಕವಿ ಎಲ್ಲಿದ್ದಾರೆ? ಅವರನ್ನೇ ಕೇಳುವ" ಎಂದಳು. ಅವಳು ತಮಾಷೆ ಮಾಡಿರಲಿಲ್ಲ. ಎಲ್ಲೋ ಇರುವ ದೊಡ್ಡ ಮನುಷ್ಯನ ಮನಸ್ಸಿನೊಳಗೆ ಏನಿದೆ ಎಂದು ಹದಿನೈದರ ಮಗುವನ್ನು ಕೇಳಿದರೆ ಅದು ಹೆದರದೆ ಏನು ಮಾಡೀತು? ಅವತ್ತಿನಿಂದ ಪ್ರಶ್ನೆ ಬದಲಾಯಿಸಿದೆ. "ಓದುವಾಗ ಯಾವ ಮಾತಿಗೆ ನಿಂತಿ? ಯಾಕ ನಿಂತಿ?" ಅಷ್ಟೇ. ಮೊದಲು ಕೊಂಕಣಿಯಲ್ಲೇ ಹೇಳಲು ಬಿಟ್ಟೆ. ಬರವಣಿಗೆ ಆಮೇಲೆ ಬಂತು. ನಾನು ಮಾಡಿದ ಬದಲಾವಣೆಗಳಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ ಇರಬೇಕು.

ಕೊನೆಯ ಶಾಲೆ ದಾಂಡೇಲಿಯದು. ಅಷ್ಟು ಹೊತ್ತಿಗೆ ಗೈಡಿನ ಜಾಗಕ್ಕೆ ಮೊಬೈಲ್ ಬಂದಿತ್ತು. ಹತ್ತನೇ ತರಗತಿಯವರಿಗೆ ಆಂತರಿಕ ಅಂಕಕ್ಕಾಗಿ ಒಂದು ವಿಮರ್ಶಾ ಪ್ರಬಂಧ ಬರೆಸಬೇಕಿತ್ತು. ಮೇಲಿನಿಂದ ಒಂದು ಪದ್ಯ ಕಳಿಸಿದ್ದರು, ಜೊತೆಗೆ ಮಾದರಿ ಉತ್ತರ. ಸಂಜೆಯ ಹೊಳೆಯ ಬಗ್ಗೆ ಪುಟ್ಟ ಪದ್ಯ ಅದು. ಅದರ ಕೊನೆ ಹೀಗಿತ್ತು:

ಹೊಳೆ ಇಂದು ಸದ್ದಿಲ್ಲದೆ ಮಲಗಿದೆ,
ಹಕ್ಕಿಯೂ ಕೂಗಿ ಎಬ್ಬಿಸಲಿಲ್ಲ.
ದೋಣಿ ಹೋದ ಗೆರೆ ಅಳಿಸಿದೆ.
ಅವ್ವ ದೀಪಕ್ಕೆ ಎಣ್ಣೆ ಹೊಯ್ದಳು, ಮತ್ತೆ ಹೊಯ್ದಳು.

ಮಾದರಿ ಉತ್ತರದ ಪ್ರಕಾರ ಇದು ಪ್ರಕೃತಿಯ ಶಾಂತಿಯನ್ನು ಸಾರುವ ಕವಿತೆ. ಮಕ್ಕಳು ಬರೆದು ತಂದ ಪ್ರಬಂಧಗಳಲ್ಲೂ ಅದೇ. "ಪ್ರಸ್ತುತ ಕವಿತೆಯು ಪ್ರಕೃತಿಯ ರಮಣೀಯ ಶಾಂತಿಯನ್ನು ಮನೋಜ್ಞವಾಗಿ ಚಿತ್ರಿಸುತ್ತದೆ." ಒಬ್ಬರ ಮೊಬೈಲಿಂದ ಒಬ್ಬರ ಮೊಬೈಲಿಗೆ ಹೋದ ವಾಕ್ಯ. ಮನೋಜ್ಞ ಅಂದರೇನು ಎಂದರೆ ಒಬ್ಬರಿಗೂ ಗೊತ್ತಿಲ್ಲ.

ಶೋಭಾ ಎಂಬ ಹುಡುಗಿಯ ಹಾಳೆಯಲ್ಲಿ ಮಾತ್ರ ಬೇರೆ ಇತ್ತು. ಮೊದಲ ಸಾಲೇ "ಈ ಪದ್ಯದಲ್ಲಿ ಶಾಂತಿ ಇಲ್ಲ" ಎಂದು. ಅವಳ ತಂದೆ ಮಲ್ಲಪ್ಪ ಬೆಳಗಾವಿ ಕಡೆಯವರು, ಗುತ್ತಿಗೆದಾರರ ಕೈಕೆಳಗೆ ಲಾರಿಗೆ ಮಾಲು ಏರಿಸುವ ಕೆಲಸ. ತಾಯಿ ಯಲ್ಲವ್ವ ಮನೆಗೆಲಸಕ್ಕೆ ಹೋಗುತ್ತಿದ್ದಳು. ಕಾಳಿ ಹೊಳೆಯ ಹತ್ತಿರ, ಅಂಬೇವಾಡಿಯಲ್ಲಿ ಬಾಡಿಗೆ ಮನೆ. ಶೋಭಾ ತರಗತಿಯಲ್ಲಿ ಬಾಯಿ ಬಿಡುವವಳೇ ಅಲ್ಲ.

ಅವಳನ್ನು ಹತ್ತಿರ ಕರೆದು ಕೂರಿಸಿಕೊಂಡೆ. "ಶಾಂತಿ ಇಲ್ಲ ಅಂತ ಯಾಕ ಬರದಿ?"

"ಹಕ್ಕಿ ಕೂಗವಲ್ವು ನೋಡ್ರಿ. ಹಕ್ಕಿ ಸುಮ್ನಾತು ಅಂದ್ರ ನೀರಾಗ ಮೊಸಳಿ ಐತಿ ಅಂತ್ರಿ."

"ಪದ್ಯದಾಗ ಮೊಸಳಿ ಎಲ್ಲೈತಿ?"

ಅವಳು ಹಾಳೆ ನೋಡಿದಳು. "ಇಲ್ರಿ," ಎಂದಳು. ಸ್ವಲ್ಪ ತಡೆದು, "ಆದ್ರ ಐತ್ರಿ" ಎಂದಳು.

ಅವಳಿಗೆ ಪದ್ಯದ ಏನೋ ಒಂದು ಎಳೆ ಸಿಕ್ಕಿದೆ ಅನಿಸಿತು. ಅದರ ಜೊತೆಗೇ ಭಯವೂ ಆಯಿತು. ಮಾದರಿ ಉತ್ತರ ಬಿಟ್ಟು ಬರೆಸಿ ಅಂಕ ಹೋದರೆ? ಮರುವಾರವೇ ವಿಷಯ ಪರಿವೀಕ್ಷಕರು ಬಂದು ಪ್ರಬಂಧಗಳನ್ನು ನೋಡುವವರಿದ್ದರು. ಅವರ ಹೆಸರು ಕೇಳಿದರೆ ಸುತ್ತಿನ ನಾಲ್ಕೂ ತಾಲೂಕಿನ ಕನ್ನಡ ಶಿಕ್ಷಕರು ತಮ್ಮ ಟಿಪ್ಪಣಿಗಳನ್ನು ಇನ್ನೊಮ್ಮೆ ತೆಗೆದು ನೋಡುತ್ತಿದ್ದರು. ಆದರೂ ಅವಳಿಗೆ ಹೇಳಿದೆ: "ನಿಂಗ ಹೆದರಿಕಿ ಆಗಿದ್ದು ಖರೆ ಇರಬಹುದು. ಆದ್ರ ಅದು ಪದ್ಯದ ಹೆದರಿಕಿಯೋ, ನಿನ್ನ ಹೆದರಿಕಿಯೋ? ಪದ್ಯದ್ದಾದ್ರ ಪದ್ಯದೊಳಗ ಬೆರಳಿಟ್ಟು ತೋರಿಸಬೇಕು. ಮೊಸಳಿ ತಗದು ಹಾಕು. ತಗದ ಮ್ಯಾಲೂ ಹೆದರಿಕಿ ಉಳೀತೈತೇನು ನೋಡು."

ಮರುದಿನ ಇನ್ನೊಂದು ಹಾಳೆ ತಂದಳು. ಮೊಸಳೆ ಇನ್ನೂ ಇತ್ತು. ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಕೊಟ್ಟೆ. ಮತ್ತೊಂದು ತಂದಳು. ಅದರಲ್ಲಿ ಮೊಸಳೆ ಹೋಗಿ ಸುಳಿ ಬಂದಿತ್ತು. ಅದಕ್ಕೂ ಗೆರೆ ಎಳೆದೆ. ಆಗ ಅವಳು ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಎಣ್ಣಿ ಎರಡು ಸಲ ಯಾಕ ಹೊಯ್ದಾಳ್ರಿ?" ಎಂದು ಕೇಳಿದಳು.

ನಾನು ಆ ಪದ್ಯವನ್ನು ಎಷ್ಟು ಸಲ ಓದಿದ್ದೆನೋ. ಅದು ಲಯಕ್ಕೆ ಬಂದ ಪುನರುಕ್ತಿ ಎಂದು ತಿಳಿದಿದ್ದೆ.

"ನೀನ ಹೇಳು," ಎಂದೆ.

"ಮೊದಲ ಹೊಯ್ದದ್ದು ಉರದು ಮುಗದೈತ್ರಿ. ಅಷ್ಟೊತ್ತಾದ್ರೂ ದೋಣಿ ಬಂದಿಲ್ಲರಿ."

"ಇದನ್ನ ಬರಿ," ಎಂದೆ. "ಇದೊಂದ ಸಾಕು."

ಅವಳು ತಲೆಯಾಡಿಸಿ ಹೋದಳು. ಮಾರನೇ ದಿನ ಶಾಲೆಗೆ ಬರಲಿಲ್ಲ. ಅದರ ಮಾರನೇ ದಿನವೂ ಬರಲಿಲ್ಲ.

ಮುಖ್ಯಾಧ್ಯಾಪಕ ನಾಯ್ಕ ಸರ್ ಒಳ್ಳೆಯವರು, ಆದರೆ ಬೇಗ ಗಾಬರಿಯಾಗುವವರು. "ಎರಡೆರಡ ಸಲ ಕೆಂಪ ಗೆರಿ ಎಳದ್ರ ಹುಡುಗಿ ಹೆದರೂದಿಲ್ಲೇನ್ರಿ ಅಕ್ಕೋರ?" ಎಂದರು. "ಈಗಿನ ಮಕ್ಕಳು ಒಂದು ಹೋಗಿ ಒಂದು ಮಾಡ್ಕೊಂಡು ಬಿಡ್ತಾವ. ಸುಮ್ಮನ ಮಾದರಿ ಉತ್ತರ ಬರಸಬೇಕಿತ್ತು." ಅವರು ಹೇಳಿದ್ದು ಅಷ್ಟೇ. ಮಧ್ಯಾಹ್ನದ ಮೇಲಿನ ತರಗತಿಗಳನ್ನು ಇನ್ನೊಬ್ಬರಿಗೆ ಒಪ್ಪಿಸಿ ಅಂಬೇವಾಡಿಗೆ ಹೊರಟೆ. ರಿಕ್ಷಾದಲ್ಲಿ ಕೂತವಳಿಗೆ, ಆ ಮನೆಯ ಮುಂದೆ ಜನ ಸೇರಿರುತ್ತಾರೇನೋ ಎಂಬ ಯೋಚನೆಯೇ ಮತ್ತೆ ಮತ್ತೆ ಬರುತ್ತಿತ್ತು.

ಮನೆಯ ಮುಂದೆ ಯಾರೂ ಇರಲಿಲ್ಲ. ಯಲ್ಲವ್ವ ಆಗಷ್ಟೇ ಕೆಲಸದಿಂದ ಬಂದು ಬಾಗಿಲಲ್ಲಿ ಕೂತಿದ್ದಳು. ನನ್ನನ್ನು ನೋಡಿ ಗಡಬಡಿಸಿ ಎದ್ದಳು.

"ಶೋಭಾ ಎಲ್ಲಿ?"

"ಹೊಳಿಗೆ ಹೋಗ್ಯಾಳ್ರಿ ಅಕ್ಕೋರ."

ಆ ಮಾತಿಗೆ ನನ್ನ ಮುಖ ಹೇಗಾಯಿತೋ, ಅವಳು ಬೇಗ ಬೇಗ ಮುಂದಿನದು ಹೇಳಿದಳು. "ಅವರಪ್ಪನ ಕಾಯಾಕ್ರಿ. ಈ ತಿಂಗಳು ಲಾರಿ ಕೆಲಸ ಇಲ್ಲರಿ ಅವರಿಗೆ. ಮೀನಿನ ಬಲಿ ತಗೊಂಡು ದಿನಾ ಹೊಳಿಗೆ ಇಳೀತಾರ. ಬ್ಯಾಡ ಅಂದ್ರ ಕೇಳಂಗಿಲ್ಲ. ಈಕಿ ಶಾಲಿ ಬಿಟ್ಟು ದಂಡಿಮ್ಯಾಲ ನಿಂದರತಾಳ. ನಾನೂ ಹೇಳಿ ಸಾಕಾಗಿ ಬಿಟ್ಟೇನಿ."

"ನಡಿ, ಹೋಗೂಣು," ಎಂದೆ.

ಕಾಳಿ ಹೊಳೆಯ ದಂಡೆಗೆ ಇಳಿಯುವ ಕಾಲುದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಬಿಸಿಲು ಇನ್ನೂ ಇತ್ತು. ಶೋಭಾ ಒಂದು ಬಂಡೆಯ ಮೇಲೆ ನಿಂತಿದ್ದಳು. ಎರಡೂ ಕೈಯಲ್ಲಿ ಕಲ್ಲು. ಮಲ್ಲಪ್ಪ ದಂಡೆಯಿಂದ ಸ್ವಲ್ಪ ದೂರ, ಸೊಂಟದ ಮಟ್ಟ ನೀರಿನಲ್ಲಿ ನಿಂತು, ಎಲ್ಲೋ ಸಿಕ್ಕಿಕೊಂಡ ಬಲೆಯನ್ನು ಬಗ್ಗಿ ಬಿಡಿಸುತ್ತಿದ್ದರು. ನೀರು ಗಾಜಿನ ಹಾಗಿತ್ತು. ಆಚೆ ದಡದ ಮರಳಿನ ಮೇಲೆ ಒಂದಿಷ್ಟು ಬೆಳ್ಳಕ್ಕಿಗಳು ಕೂತಿದ್ದವು. ಬೇರೆ ದಿನವಾಗಿದ್ದರೆ ನಾನೂ ಎಷ್ಟು ಶಾಂತವಾಗಿದೆ ಅನ್ನುತ್ತಿದ್ದೆ.

ನಾವು ಬಂದದ್ದನ್ನು ಶೋಭಾ ನೋಡಲಿಲ್ಲ. ಅವಳ ಕಣ್ಣು ನೀರಿನ ಮೇಲೇ ಇತ್ತು.

ಬೆಳ್ಳಕ್ಕಿಗಳು ಎದ್ದವು. ಕೂಗಲಿಲ್ಲ. ಎದ್ದು, ಮರಗಳ ಮೇಲೆ ಹಾದು ಹೋಗಿಬಿಟ್ಟವು.

"ಅಪ್ಪಾ, ಮ್ಯಾಲ ಬಾ," ಎಂದಳು ಶೋಭಾ. ಚೀರಲಿಲ್ಲ.

"ಬಲಿ ಸಿಕ್ಕೊಂಡೈತವ್ವಾ. ಇರು, ಒಂದೀಟು."

"ಅಪ್ಪಾ, ಬಾ."

ಅವರು ತಲೆ ಎತ್ತಲಿಲ್ಲ. ಯಲ್ಲವ್ವ ನನ್ನ ತೋಳು ಹಿಡಿದಿದ್ದಳು, ಅವಳ ಉಗುರು ಚುಚ್ಚುತ್ತಿತ್ತು. ಮೊಸಳೆ ಎಂದು ಕೂಗಿದರೆ ಅವರು ತಿರುಗಿ ನೋಡುತ್ತ ನಿಂತುಬಿಡಬಹುದು ಎಂದು ನನಗೆ ಆ ಗಳಿಗೆಯಲ್ಲಿ ಹೇಗೆ ಹೊಳೆಯಿತೋ ಗೊತ್ತಿಲ್ಲ. ತರಗತಿಯಲ್ಲಿ ಮಾತಾಡುವ ಧ್ವನಿಯಲ್ಲೇ ಹೇಳಿದೆ.

"ಮಲ್ಲಪ್ಪನವರ, ನಾ ಶೋಭಾನ ಶಾಲಿ ಅಕ್ಕೋರು. ನಿಮ್ಮ ಕೂಡ ಮಾತಾಡೋದೈತಿ. ಈಗ ಬರ್ರಿ."

ಅವರು ನೋಡಿದರು. ಮಗಳ ಶಾಲೆಯವರು ಬಂದಿದ್ದಾರೆ, ತಾನು ಹೀಗೆ ನಿಂತಿದ್ದೇನೆ ಎಂದು ನಾಚಿಕೆಯಾಯಿತೇನೋ. ಬಲೆಯನ್ನು ಅಲ್ಲೇ ಬಿಟ್ಟು, ನೀರು ಸೀಳಿಕೊಂಡು ದಂಡೆಗೆ ಬಂದರು. ಒದ್ದೆ ಕೈ ಜೋಡಿಸಿ, "ನಮಸ್ಕಾರ್ರಿ ಅಕ್ಕೋರ. ಏನ ತಪ್ಪು ಮಾಡ್ಯಾಳ್ರಿ ನಮ್ಮ ಹುಡುಗಿ?" ಎಂದರು.

ಅವರ ಬೆನ್ನ ಹಿಂದೆ, ಬಲೆಗೆ ಕಟ್ಟಿದ್ದ ತೇಲುಬುರುಡೆಗಳೆಲ್ಲ ಒಟ್ಟಿಗೆ ನೀರಿನೊಳಕ್ಕೆ ಹೋದವು. ಅವರು ನಿಂತಿದ್ದ ಜಾಗದಿಂದ ಸ್ವಲ್ಪವೇ ಈಚೆಗೆ, ಸುಟ್ಟ ಕೊರಡಿನಂಥದು ಮೇಲೆ ಬಂತು. ಅದಕ್ಕೆ ಕಣ್ಣಿತ್ತು. ಸಪ್ಪಳವಿಲ್ಲದೆ ಮತ್ತೆ ಮುಳುಗಿತು.

ನಮ್ಮ ಮೂವರ ಮುಖ ನೋಡಿ ಮಲ್ಲಪ್ಪ ಹಿಂದಿರುಗಿದರು. ಅಲ್ಲಿ ಉಂಗುರ ಉಂಗುರವಾಗಿ ಅಲೆಗಳಷ್ಟೇ ಇದ್ದವು. ಅವೂ ಅಳಿಸಿಹೋದವು. ಅವರು ನಿಂತಲ್ಲೇ ಕುಸಿದು ಕೂತರು. ಯಲ್ಲವ್ವ ಹೋಗಿ ಗಂಡನ ತಲೆ ಹಿಡಿದುಕೊಂಡಳು. ಶೋಭಾ ಅಳಲಿಲ್ಲ. ಕೈಯಲ್ಲಿದ್ದ ಕಲ್ಲುಗಳನ್ನು ಬಂಡೆಯ ಮೇಲೆ ಮೆಲ್ಲಗೆ ಇಟ್ಟಳು, ಸಪ್ಪಳವಾಗದ ಹಾಗೆ.

ಮರುದಿನ ಅವಳು ಶಾಲೆಗೆ ಬಂದಳು. ಪಾಠ ಮುಗಿದ ಮೇಲೆ ನನ್ನ ಮೇಜಿನ ಹತ್ತಿರ ನಿಂತು, "ಅಕ್ಕೋರ, ನಾ ಆ ಪದ್ಯದ ಮ್ಯಾಲ ಬರಿಯಂಗಿಲ್ರಿ" ಎಂದಳು.

"ಯಾಕವ್ವ?"

"ಈಗ ಬರದ್ರ ಅದು ಪದ್ಯದ್ದು ಆಗಂಗಿಲ್ರಿ. ನಮ್ಮಪ್ಪಂದು ಆಗ್ತೇತ್ರಿ. ನೀವ ಹೇಳಿದ್ರಲ್ಲ, ಎರಡೂ ಬ್ಯಾರೆ ಬ್ಯಾರೆ ಅಂತ."

ಹೊಸ ಶಿಕ್ಷಕಿಯರಿಗೆ ಹೇಳುತ್ತೇನೆ, ವಿಮರ್ಶೆ ಅಂದರೆ ಏನು ಎಂದು ಇದಕ್ಕಿಂತ ಸರಿಯಾಗಿ ಯಾವ ತರಬೇತಿಯಲ್ಲೂ ನಾನು ಕೇಳಿಲ್ಲ. ಆದರೆ ಆ ಕ್ಷಣಕ್ಕೆ ನನಗೆ ಸಂತೋಷವೇನೂ ಆಗಲಿಲ್ಲ. ನಾನು ಎಳೆದ ಗೆರೆ ಇಷ್ಟು ಆಳಕ್ಕೆ ಇಳಿದಿತ್ತಲ್ಲ ಎಂದು ಅಂಜಿಕೆಯಾಯಿತು. "ಬ್ಯಾರೆ ಪದ್ಯ ಕೊಡ್ತೇನಿ. ಬೇಕಾದ್ರ ಸುಮ್ಮನ ಮಾದರಿ ಉತ್ತರ ಬರಿ. ಯಾರೂ ಏನೂ ಅನ್ನಂಗಿಲ್ಲ," ಎಂದೆ. ಅವಳು ಯೋಚಿಸಿ, "ನೋಡ್ತೇನ್ರಿ" ಎಂದು ಹೋದಳು.

ಪರಿವೀಕ್ಷಕರು ಬರುವ ದಿನ ಬೆಳಿಗ್ಗೆ ಒಂದು ಹಾಳೆ ತಂದುಕೊಟ್ಟಳು. ಅದೇ ಪದ್ಯದ ಮೇಲೆ. ಅದರಲ್ಲಿ ಮೊಸಳೆ ಇರಲಿಲ್ಲ, ಸುಳಿ ಇರಲಿಲ್ಲ, ಅವಳ ಅಪ್ಪ ಇರಲಿಲ್ಲ. ಹಕ್ಕಿ ಕೂಗದಿರುವುದು, ಗೆರೆ ಅಳಿಸಿದ್ದು, ಎಣ್ಣೆ ಎರಡು ಸಲ, ಇಷ್ಟನ್ನೇ ಒಂದೊಂದಾಗಿ ಹಿಡಿದು ಬರೆದಿದ್ದಳು. ಕೆಲವರಿಗೆ ಇಲ್ಲಿ ಶಾಂತಿ ಕಾಣಬಹುದು, ಮೊದಲೆರಡು ಸಾಲಿಗೆ ನಿಲ್ಲಿಸಿದರೆ ಅದೂ ಸರಿ ಎಂದು ಒಪ್ಪಿಕೊಂಡಿದ್ದಳು. ಕಡೆಯಲ್ಲಿ ಹೀಗಿತ್ತು: "ಅವ್ವನಿಗೆ ಹೆದರಿಕೆಯಾಗಿದೆ ಎಂದು ಪದ್ಯ ಎಲ್ಲಿಯೂ ಹೇಳುವುದಿಲ್ಲ. ಹೇಳಿದ್ದರೆ ನಮಗೆ ಹೆದರಿಕೆ ಆಗುತ್ತಿರಲಿಲ್ಲ."

ಪರಿವೀಕ್ಷಕರು ನಾಯ್ಕ ಸರ್ ಕೋಣೆಯಲ್ಲಿ ಕೂತು ಹಾಳೆಗಳನ್ನು ಒಂದೊಂದೇ ಸರಿಸಿದರು. ಶೋಭಾಳ ಹಾಳೆಗೆ ಬಂದಾಗ ಅವರ ಕೈ ನಿಂತಿತು. ಎರಡು ಸಲ ಓದಿದರು. ನಾಯ್ಕ ಸರ್ ನೆಲ ನೋಡುತ್ತಿದ್ದರು.

"ಮಾದರಿ ಉತ್ತರದಾಗ ಶಾಂತಿ ಅಂತ ಐತಿ," ಎಂದರು ಪರಿವೀಕ್ಷಕರು. "ನಾಳೆ ಮ್ಯಾಲಿನವರು ಕೇಳಿದ್ರ ನಾ ಏನ್ ಹೇಳ್ಲಿ?"

ಅವರಿಗೂ ಹೆದರಿಕೆ ಇದೆ ಎಂದು ನನಗೆ ಅವತ್ತು ಗೊತ್ತಾಯಿತು. ಅಷ್ಟು ವರ್ಷ ಅದು ನನ್ನ ತಲೆಗೇ ಬಂದಿರಲಿಲ್ಲ. ಕೈಯನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಹೇಳಿದೆ: "ಆಕಿ ಪ್ರತಿ ಮಾತಿಗೂ ಸಾಲು ತೋರಿಸ್ಯಾಳ್ರಿ ಸರ್. ಕೇಳಿದವರಿಗೆ ಆ ಸಾಲು ತೋರಸ್ರಿ."

ಅವರು ಪೆನ್ನು ತೆಗೆದರು. ನಾನು ಕೊಟ್ಟ ಅಂಕವನ್ನು ಸ್ವಲ್ಪ ಇಳಿಸಿ, ಉಳಿದವರ ಮಟ್ಟಕ್ಕೆ ತಂದು ನಿಲ್ಲಿಸಿದರು. "ಹೆಚ್ಚಿಗೆ ಕೊಟ್ರ ಕೇಳ್ತಾರ. ಕಡಿಮಿ ಕೊಡಾಕ ನನಗ ಆಗವಲ್ದು," ಎಂದರು. ಹಾಳೆಯನ್ನು ಕಟ್ಟಿನಲ್ಲಿ ಸೇರಿಸುವ ಮುಂಚೆ ಇನ್ನೊಮ್ಮೆ ಓದಿದರು.

ಶೋಭಾ ಹತ್ತನೇ ತರಗತಿ ದಾಟಿದಳು, ಮುಂದೆಯೂ ಓದಿದಳು. ಈಗ ಧಾರವಾಡದಲ್ಲಿ ಬಿ.ಎಡ್. ಮಾಡುತ್ತಿದ್ದಾಳೆ. ಮಲ್ಲಪ್ಪ ಆಮೇಲೆ ನೀರಿಗೆ ಇಳಿಯಲಿಲ್ಲ. ದಂಡೆಯ ಮೇಲೆ ಕೂತು ಗಾಳ ಹಾಕುತ್ತಾರೆ, ಸಿಕ್ಕರೆ ಸಿಕ್ಕಿತು ಎನ್ನುತ್ತಾರೆ. ಮೊಸಳೆಗೆ ಹೆದರಿ ಬಿಟ್ಟರು ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ಆ ಘಟನೆಯಾದ ವಾರದೊಳಗೇ ಅವರು ಪಕ್ಕದ ಮನೆಯವರಿಂದ ಬೇರೆ ಬಲೆ ಕೇಳಿ ತಂದಿದ್ದರು.

ಪರಿವೀಕ್ಷಕರು ಬಂದು ಹೋದ ಸಂಜೆ ನಾನು ಅವರ ಮನೆಗೆ ಹೋಗಿದ್ದೆ. ತಂದ ಬಲೆ ಗೋಡೆಯ ಗೂಟಕ್ಕೆ ತೂಗುಬಿದ್ದಿತ್ತು. ಯಲ್ಲವ್ವ ಚಹಾಕ್ಕಿಟ್ಟಿದ್ದಳು. ಮಲ್ಲಪ್ಪನವರಿಗೆ ಓದು ಬರುವುದಿಲ್ಲ. "ಎಲ್ಲಾರೂ ಹೇಳಾಕತ್ತಾರ, ಏನ ಬರದೀ ಓದವ್ವಾ ನೋಡೂಣು," ಎಂದರು ಮಗಳಿಗೆ. ಶೋಭಾ ಮೊದಲು ಪದ್ಯ ಓದಿದಳು, ಆಮೇಲೆ ಪ್ರಬಂಧ. ಅವರು ಗೋಡೆಗೆ ಒರಗಿ, ಕಣ್ಣು ಮಿಟುಕಿಸದೆ ಕೇಳಿದರು.

ಮುಗಿದ ಮೇಲೆ, "ಅಂವ ತಿರುಗಿ ಬಂದನೇನು?" ಎಂದು ಕೇಳಿದರು.

"ಯಾರಪ್ಪ?"

"ದೋಣ್ಯಾಗ ಹೋದಾಂವ."

"ಪದ್ಯ ಅಷ್ಟಕ್ಕ ಮುಗದೈತಪ್ಪ. ಮುಂದ ಹೇಳಿಲ್ಲ."

ಮಲ್ಲಪ್ಪ ಗೂಟಕ್ಕೆ ತೂಗುಬಿದ್ದ ಬಲೆಯ ಕಡೆ ನೋಡಿದರು.

"ಹಂಗಾರ ಆಕಿ ಇನ್ನೂ ಅಲ್ಲೇ ಕುಂತಿರ್ತಾಳ," ಎಂದರು.

ಒಲೆಯ ಮುಂದಿದ್ದ ಯಲ್ಲವ್ವ ತಿರುಗಿ ನೋಡಲಿಲ್ಲ. "ಮತ್ತ ಎಲ್ಲಿ ಹೋಗ್ತಾಳ," ಎಂದಳು.